ಒಂದನೇ ತರಗತಿ ಕಾಣದ ಮಕ್ಕಳು

2025ರ ಫೆಬ್ರವರಿಯಲ್ಲಿ ಬಂದ ಶಅಬಾನಿನಲ್ಲಿ, ನಮ್ಮ ಮದ್ರಸಗಳ ಐದನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಕೂತ ಮಕ್ಕಳು ಯಾರು ಅಂತ ಒಮ್ಮೆ ಬೆರಳು ಮಡಚಿ ಲೆಕ್ಕ ಹಾಕಿ ನೋಡಿ. 2020ರ ಶವ್ವಾಲಿನಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಕ್ಕಳು. ಹೆಸರು ಬರೆಸಿದ್ದು, ಅಷ್ಟೆ. ಆ ವರ್ಷ ಮದ್ರಸದ ಬಾಗಿಲಿಗೆ ಬೀಗ ಇತ್ತು, ಶಾಲೆಯ ಗೇಟಿಗೂ ಬೀಗ ಇತ್ತು. ಶಾಲೆಯಲ್ಲಿ ಇವರು ಒಂದನೇ ತರಗತಿಯ ಕೋಣೆಯನ್ನೇ ನೋಡದೆ ಎರಡನೇ ತರಗತಿಗೆ ಪಾಸಾದವರು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟು ಹೊತ್ತಿಗೆ ಇವರ ಎರಡನೇ ತರಗತಿಯೂ ಅರ್ಧ ಮುಗಿದಿತ್ತು.

2025ರಲ್ಲಿ ಇವರು ಶಾಲೆಯಲ್ಲಿ ಆರನೇ ತರಗತಿಗೆ ಬಂದರು. ಇವರ ಬಗ್ಗೆ ನಮಗೆ ಬರುವ ದೂರು ಒಂದೆರಡಲ್ಲ. ‘ಉಸ್ತಾದೇ, ಇವನಿಗೆ ಓದು ಅಂದ್ರೆ ಆಗುದಿಲ್ಲ’ ಅಂತ ಉಮ್ಮಂದಿರು. ‘ಈಗಿನ ಮಕ್ಕಳಿಗೆ ಹೆದರಿಕೆಯೇ ಇಲ್ಲ, ನಮ್ಮ ಕಾಲದಲ್ಲಿ ಹೀಗುಂಟಾ’ ಅಂತ ಕಮಿಟಿಯ ಹಿರಿಯರು. ‘ಮೊಬೈಲ್ ಹಾಳು ಮಾಡಿತು’ ಅಂತ ಎಲ್ಲರೂ. ಆ ಮೊಬೈಲನ್ನು ‘ಇದರಲ್ಲಿ ಪಾಠ ಉಂಟು, ನೋಡು’ ಅಂತ ಹೇಳಿ ಆರು ವರ್ಷದ ಮಗುವಿನ ಕೈಗೆ ಕೊಟ್ಟದ್ದು ದೊಡ್ಡವರೇ ಅಲ್ವಾ ಮಾರಾಯ್ರೆ? ಶಾಲೆ ಹೇಳಿತು, ಸರಕಾರ ಹೇಳಿತು, ನಾವೂ ಹೇಳಿದೆವು. ಮಗು ನಮ್ಮ ಮಾತು ಕೇಳಿತು.

ನಾವು ಮುಅಲ್ಲಿಮರು ದಿನಾ ಬೆಳಿಗ್ಗೆ ಈ ಮಕ್ಕಳ ಓದು ಕೇಳುವವರು. ಹಾಗಾಗಿ ಒಂದು ಮಾತು ಧೈರ್ಯವಾಗಿ ಹೇಳಬಹುದು. ಇದು ಸೋಮಾರಿತನ ಅಲ್ಲ, ಕೆಟ್ಟ ಹುಡುಗರು ಅನ್ನುವ ವಿಷಯವೂ ಅಲ್ಲ. ಕಲ್ಲು ಕಟ್ಟುವಾಗ ಪಾಯದ ಎರಡು ಸಾಲು ಬಿಟ್ಟು ಮೂರನೇ ಸಾಲಿನಿಂದ ಕಟ್ಟಿದ ಗೋಡೆ ಇದು. ಮೇಲಿನಿಂದ ಎಷ್ಟು ಸುಣ್ಣ ಬಳಿದರೂ ಅದು ಅಲುಗುತ್ತದೆ. ಅಲುಗಿದಾಗ ಗೋಡೆಗೆ ಬೈದು ಪ್ರಯೋಜನ ಇಲ್ಲ.

ಜನ ಕೊರೊನಾವನ್ನು ಮರೆತಿದ್ದಾರೆ. ಮರೆಯುವುದು ಅಲ್ಲಾಹನು ಕೊಟ್ಟ ರಹ್ಮತ್ತೇ ಸರಿ, ಆ ದಿನಗಳನ್ನು ದಿನಾ ನೆನಪಿಟ್ಟುಕೊಂಡರೆ ಬದುಕುವುದು ಕಷ್ಟ. ಆದರೆ ಈ ಮಕ್ಕಳ ಮಟ್ಟಿಗೆ ನಡೆದದ್ದನ್ನು ಸ್ವಲ್ಪ ನೆನಪು ಮಾಡಿಕೊಳ್ಳದೆ ಮುಂದೆ ಹೋಗುವ ಹಾಗಿಲ್ಲ.

2020ರ ಮಾರ್ಚ್ ಮಧ್ಯದಲ್ಲಿ ಶಾಲೆಗಳಿಗೆ ರಜೆ ಕೊಟ್ಟರು. ಮಕ್ಕಳಿಗೆ ಖುಷಿ. ಮಾರ್ಚ್ 25ರಿಂದ ಇಡೀ ದೇಶಕ್ಕೇ ಲಾಕ್‌ಡೌನ್ ಬಂತು. ಮಾರ್ಚ್ ಕೊನೆಗೆ ಆಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ, ಜೂನ್ 25ಕ್ಕೆ ಶುರುವಾಯಿತು. ತಲಪಾಡಿ ಗಡಿಯ ಆಚೆ ಮಂಜೇಶ್ವರ, ಉಪ್ಪಳ ಕಡೆಯಿಂದ ನಮ್ಮ ಶಾಲೆಗಳಿಗೆ ಬರುವ ಮಕ್ಕಳು ಗಡಿವರೆಗೆ ಬಂದು, ಅಲ್ಲಿಂದ ಬೇರೆ ಬಸ್ಸು ಹತ್ತಿ, ಜ್ವರ ನೋಡುವ ಯಂತ್ರಕ್ಕೆ ಹಣೆ ಕೊಟ್ಟು, ಪರೀಕ್ಷೆ ಬರೆದರು. ಮರು ವರ್ಷ 2021ರಲ್ಲಿ ಎಸ್ಸೆಸ್ಸೆಲ್ಸಿ ಎರಡೇ ದಿನದಲ್ಲಿ ಮುಗಿಯಿತು, ಜುಲೈ 19 ಮತ್ತು 22. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ. ದ್ವಿತೀಯ ಪಿಯುಸಿಗೆ ಆ ವರ್ಷ ಪರೀಕ್ಷೆಯೇ ಇಲ್ಲ. ದೊಡ್ಡ ಮಕ್ಕಳ ಈ ಪರೀಕ್ಷೆಗಳ ಬಗ್ಗೆ ದಿನಾ ಪೇಪರಿನಲ್ಲಿ ಬರುತ್ತಿತ್ತು, ಟಿ.ವಿ.ಯಲ್ಲಿ ಚರ್ಚೆ ಆಗುತ್ತಿತ್ತು. ಒಂದನೇ ಎರಡನೇ ತರಗತಿಯ ಮಕ್ಕಳ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ‘ಸಣ್ಣ ಮಕ್ಕಳಲ್ವಾ, ಮತ್ತೆ ಕಲಿತಾರೆ’ ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು.

ಆ ‘ಮತ್ತೆ’ ಈವರೆಗೆ ಬಂದಿಲ್ಲ ಎಂಬುದೇ ನಮ್ಮ ಇವತ್ತಿನ ತಕರಾರು.

ಆನ್‌ಲೈನ್ ಕ್ಲಾಸ್ ಬಂತಲ್ಲ ಅಂತ ಕೇಳಬಹುದು. ಬಂತು. 2020ರ ಜೂನ್‌ನಲ್ಲಿ ನಮ್ಮ ರಾಜ್ಯ ಸರಕಾರ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಅಂದಿತು, ಜುಲೈಯಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಖಾಸಗಿ ಶಾಲೆಗಳು ಪಾಠ ಶುರು ಮಾಡಿದವು. ಚಂದನ ಟಿ.ವಿ.ಯಲ್ಲಿ ಹೈಸ್ಕೂಲ್ ಮಕ್ಕಳಿಗೆ ‘ಸಂವೇದ’ ಪಾಠ ಬಂತು. ಕೇರಳದಲ್ಲಿ ವಿಕ್ಟರ್ಸ್ ಚಾನೆಲ್‌ನಲ್ಲಿ ಜೂನ್ 1ರಿಂದಲೇ ಶಾಲೆಯ ಪಾಠ ಶುರುವಾಗಿತ್ತು. ಮದ್ರಸ ಪಾಠವೂ ಅದೇ ತಿಂಗಳು ಕೇರಳದಿಂದ ಯೂಟ್ಯೂಬಿನಲ್ಲಿ ಬರತೊಡಗಿತು. ಒಳ್ಳೆಯ ಉಸ್ತಾದರುಗಳು, ಚಂದದ ಬೋರ್ಡು, ಸ್ಪಷ್ಟವಾದ ಮಾತು. ಅವರ ಶ್ರಮವನ್ನು ನಾವು ಸಣ್ಣದು ಮಾಡುವುದಿಲ್ಲ.

ಆದರೆ ನಮ್ಮ ಮನೆಗಳ ಒಳಗೆ ಎಂತ ಆಗುತ್ತಿತ್ತು? ಮನೆಯಲ್ಲಿ ಮೂರು ಮಕ್ಕಳು, ಒಂದು ಫೋನು. ಆ ಫೋನು ಬಾಪನದ್ದು, ಬಾಪ ಬೆಳಿಗ್ಗೆ ಮೀನಿನ ಲೈನಿಗೆ ಹೋದರೆ ಫೋನೂ ಹೋಯಿತು. ರಾತ್ರಿ ಬಂದ ಮೇಲೆ ಮೊದಲು ಹತ್ತನೇ ತರಗತಿಯ ದೊಡ್ಡವನಿಗೆ, ಆಮೇಲೆ ಏಳನೇ ತರಗತಿಯ ಮಗಳಿಗೆ, ಸಣ್ಣವನ ಸರದಿ ಬರುವಾಗ ಅವನು ನಿದ್ದೆ. ಬೀಡಿ ಕಟ್ಟುವ ಉಮ್ಮಂದಿರ ಮನೆಗಳಲ್ಲಿ ಇನ್ನೂ ಕಷ್ಟ. ಲಾಕ್‌ಡೌನಿನಲ್ಲಿ ಎಲೆ ತಂಬಾಕು ಬರುವುದು ನಿಂತು ವಾರದ ಮಜೂರಿಯೇ ಇಲ್ಲದಾಗ ಹೊಸ ಫೋನು ಎಲ್ಲಿಂದ, ಡಾಟಾಕ್ಕೆ ದುಡ್ಡು ಎಲ್ಲಿಂದ? ಗಲ್ಫಿನಲ್ಲಿ ಬಾಪ ಇದ್ದ ಮನೆಗಳು ಆರಾಮವಾಗಿದ್ದವು ಅಂತ ತಿಳಿಯಬೇಡಿ. 2020ರ ಮೇ 12ಕ್ಕೆ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂದ ಮೇಲೆ ಒಬ್ಬೊಬ್ಬರಾಗಿ ಬಂದವರಲ್ಲಿ ಕೆಲಸ ಕಳೆದುಕೊಂಡು ಬಂದವರು ಎಷ್ಟೋ ಜನ. ಆ ಮನೆಗಳಲ್ಲಿ ಫೋನ್ ಇತ್ತು, ಮರು ತಿಂಗಳ ಖರ್ಚಿಗೆ ದಾರಿ ಇರಲಿಲ್ಲ.

ಸುಳ್ಯ, ಬೆಳ್ತಂಗಡಿಯ ಒಳ ಊರುಗಳಲ್ಲಿ ಫೋನ್ ಇದ್ದರೂ ನೆಟ್‌ವರ್ಕ್ ಇಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಒಂದು ರಸ್ತೆ ಬದಿಯಲ್ಲಿ ಮಗಳು ಕೂತು ಪಾಠ ಕೇಳುವಾಗ ಜೋರು ಮಳೆಗೆ ತಂದೆ ಕೊಡೆ ಹಿಡಿದು ನಿಂತ ಫೋಟೊ ದೇಶ ಎಲ್ಲ ಸುತ್ತಿದ್ದು ನಿಮಗೆ ನೆನಪಿರಬಹುದು. ಎಲ್ಲರೂ ಆ ತಂದೆಯನ್ನು ಹೊಗಳಿದರು. ಹೊಗಳಬೇಕಾದದ್ದೇ. ಆದರೆ ಕೊಡೆ ಹಿಡಿಯಲು ಬಾಪ ಇಲ್ಲದ, ರಸ್ತೆ ಬದಿಗೆ ಹೋಗಿ ಕೂರಲು ಮನೆಯವರು ಬಿಡದ ಹೆಣ್ಮಕ್ಕಳ ಫೋಟೊ ಯಾರೂ ತೆಗೆಯಲಿಲ್ಲ.

ಮದ್ರಸದ ಪಾಠಕ್ಕೆ ಇನ್ನೊಂದು ತೊಂದರೆ ಇತ್ತು, ಅದು ನಮ್ಮ ಸಮುದಾಯದವರಿಗೆ ಮಾತ್ರ ಅರ್ಥ ಆಗುವಂಥದ್ದು. ನಮ್ಮ ಮಗು ಮನೆಯಲ್ಲಿ ಮಾತಾಡುವುದು ಬ್ಯಾರಿ. ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್. ಮದ್ರಸದ ಕಿತಾಬು ಬಹಳ ಕಡೆ ಅರಬಿ ಮಲಯಾಳಂ. ಉಸ್ತಾದ್ ಎದುರಿಗೆ ಕೂತರೆ ಕಿತಾಬಿನ ಒಂದು ವಾಕ್ಯ ಓದಿ, ಬ್ಯಾರಿಯಲ್ಲಿ ಹೇಳಿ, ಮಗುವಿನ ಮುಖ ನೋಡಿ, ಅರ್ಥ ಆಗದಿದ್ದರೆ ಇನ್ನೊಂದು ಥರ ಹೇಳುತ್ತಾರೆ. ಯೂಟ್ಯೂಬಿನ ಉಸ್ತಾದರು ಮಲಪ್ಪುರದ ಮಲಯಾಳದಲ್ಲಿ ವೇಗವಾಗಿ ಹೇಳಿ ಹೋಗುವಾಗ ಬಂಟ್ವಾಳದ ಆರು ವರ್ಷದ ಹುಡುಗಿಗೆ ಎಂತ ತಿಳಿಯಬೇಕು? ಅವಳು ನೋಡುತ್ತಿದ್ದಳು. ನೋಡಿ ಆದ ಮೇಲೆ ‘ಕ್ಲಾಸ್ ಮುಗೀತು’ ಅಂತ ಉಮ್ಮನಿಗೆ ಹೇಳುತ್ತಿದ್ದಳು. ಉಮ್ಮ ಹಾಜರಿಗೆ ಗ್ರೂಪಿನಲ್ಲಿ ಹೆಸರು ಹಾಕುತ್ತಿದ್ದರು.

ಕುರ್‌ಆನ್ ಓದಿನ ವಿಷಯ ಅದಕ್ಕಿಂತಲೂ ಸೂಕ್ಷ್ಮ. ಅಕ್ಷರ ಎಲ್ಲಿಂದ ಹೊರಡುತ್ತದೆ ಎಂಬ ಮಖ್ರಜನ್ನು ಪುಸ್ತಕ ನೋಡಿ ಕಲಿಯಲು ಬರುವುದಿಲ್ಲ. ಬಾಯಿಂದ ಬಾಯಿಗೆ ಬರುವ ವಿದ್ಯೆ ಅದು. ‘ಐನ್’ ಗಂಟಲಿನ ನಡುವಿನಿಂದ ಬರಬೇಕು, ‘ಳಾದ್’ಗೆ ನಾಲಿಗೆಯ ಬದಿ ಹಲ್ಲಿಗೆ ತಾಗಬೇಕು, ‘ಸಾ’ಗೆ ನಾಲಿಗೆಯ ತುದಿ ಸ್ವಲ್ಪ ಹೊರಗೆ ಕಾಣಬೇಕು. ಉಸ್ತಾದ್ ಮಗುವಿನ ಬಾಯಿ ನೋಡಬೇಕು, ಮಗು ಉಸ್ತಾದರ ಬಾಯಿ ನೋಡಬೇಕು. ಫೋನಿನ ಸಣ್ಣ ಸ್ಪೀಕರಿನಲ್ಲಿ ‘ಸೀನ್’, ‘ಸ್ವಾದ್’, ‘ಸಾ’ ಮೂರೂ ಒಂದೇ ಥರ ಕೇಳುತ್ತದೆ. ಆಮೇಲೆ ಮದ್ರಸ ತೆರೆದಾಗಲೂ ಎಲ್ಲರ ಬಾಯಿಗೆ ಮಾಸ್ಕ್. ಬಾಯಿ ಮುಚ್ಚಿಕೊಂಡು ಅಲಿಫ್ ಬಾ ಕಲಿಸಿದ ತಲೆಮಾರು ನಮ್ಮದು ಮಾತ್ರ ಇರಬೇಕು.

ನಮ್ಮಲ್ಲಿ ಅನೇಕ ಮುಅಲ್ಲಿಮರು ಆಗ ವಾಟ್ಸಾಪಿನಲ್ಲಿ ಒಂದೊಂದು ಮಗುವಿನಿಂದ ವಾಯ್ಸ್ ಮೆಸೇಜ್ ತರಿಸಿ ಓದು ಕೇಳುತ್ತಿದ್ದರು. ಮೂವತ್ತು ಮಕ್ಕಳು ಅಂದರೆ ಮೂವತ್ತು ಮೆಸೇಜ್. ಇಶಾ ಆದ ಮೇಲೆ ಕೂತರೆ ಹನ್ನೊಂದೂವರೆ. ತಪ್ಪು ಸಿಕ್ಕಿದಲ್ಲಿ ತಿದ್ದಿ ಮರಳಿ ಕಳಿಸಬೇಕು. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ, ಸಣ್ಣ ಮಗುವಿನ ಅಳು, ಎಲ್ಲದರ ನಡುವೆ ಉಮ್ಮ ಪಕ್ಕದಿಂದ ಮೆಲ್ಲಗೆ ಹೇಳಿಕೊಡುವ ದನಿಯೂ ಕೇಳುತ್ತಿತ್ತು. ನಗು ಬರುತ್ತಿತ್ತು, ಸಂತೋಷವೂ ಆಗುತ್ತಿತ್ತು. ಆ ಎರಡು ವರ್ಷ ಮಕ್ಕಳಿಗೆ ಏನಾದರೂ ಓದು ಉಳಿದಿದ್ದರೆ ಅದು ಪಕ್ಕದಲ್ಲಿ ಕೂತು ಹೇಳಿಕೊಟ್ಟ ಉಮ್ಮಂದಿರಿಂದ. ಓದಲು ಬಾರದ ಉಮ್ಮಂದಿರ ಮಕ್ಕಳಿಗೆ ಆ ಆಸರೆಯೂ ಇರಲಿಲ್ಲ. ಇವತ್ತು ತರಗತಿಯ ಹಿಂದಿನ ಬೆಂಚಿನಲ್ಲಿ ಇರುವವರು ಹೆಚ್ಚಾಗಿ ಅವರೇ.

ಶಾಲೆಯ ಮೇಷ್ಟ್ರು, ಟೀಚರುಗಳು ಪಟ್ಟ ಕಷ್ಟವನ್ನೂ ಹೇಳದೆ ಇರಲಾಗದು. 2020ರ ಆಗಸ್ಟ್‌ನಲ್ಲಿ ಸರಕಾರ ‘ವಿದ್ಯಾಗಮ’ ಶುರು ಮಾಡಿದಾಗ ಸರಕಾರಿ ಶಾಲೆಯ ಶಿಕ್ಷಕರು ಊರೂರಿಗೆ ಬಂದು ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ, ಯಾರದ್ದೋ ಮನೆಯ ಚಾವಡಿಯಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದರು. ನಮ್ಮ ಕಡೆ ಮದ್ರಸದ ಹಾಲ್ ಕೂಡ ತೆರೆದು ಕೊಟ್ಟದ್ದುಂಟು. ತಬ್ಲೀಗ್ ಹೆಸರಿನಲ್ಲಿ ಟಿ.ವಿ.ಯವರು ಎಬ್ಬಿಸಿದ ಗಲಾಟೆಗೆ ಕೆಲವೇ ತಿಂಗಳು ಹಿಂದೆ ಪೇಟೆಯಲ್ಲಿ ನಮ್ಮವರನ್ನು ಕಂಡರೆ ಕೆಲವರು ಸರಿದು ನಡೆಯುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಬೇರೆ ಸಮುದಾಯದ ಟೀಚರ್ ಒಬ್ಬರು ಮದ್ರಸದ ಹಾಲ್‌ನಲ್ಲಿ ಚಾಪೆ ಹಾಸಿ ನಮ್ಮ ಮಕ್ಕಳಿಗೂ ಅವರ ಮಕ್ಕಳಿಗೂ ಒಟ್ಟಿಗೆ ಕಾಗುಣಿತ ಬರೆಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಕ್ಟೋಬರಿನಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ಬಂತೆಂದು ವಿದ್ಯಾಗಮ ನಿಂತಿತು. ಇಡೀ ಆ ವರ್ಷದಲ್ಲಿ ಸಣ್ಣ ಮಕ್ಕಳು ಒಬ್ಬ ಗುರುವಿನ ಎದುರು ಕೂತದ್ದು ಎಂದರೆ ಆ ಎರಡು ತಿಂಗಳೇ.

ಇನ್ನು ನಮ್ಮ ಕಥೆ. ಇದನ್ನು ಬರೆಯುವಾಗ ‘ಉಸ್ತಾದರು ತಮ್ಮ ಸಂಬಳದ ಮಾತಿಗೆ ಬಂದರು’ ಅಂತ ಯಾರಾದರೂ ಹೇಳಬಹುದು, ಹೇಳಲಿ. ಪಾಠದ ಮಾತಿಗೂ ಇದಕ್ಕೂ ಸಂಬಂಧ ಇದೆ.

ಮದ್ರಸ ನಡೆಯುವುದು ಜಮಾಅತಿನ ದುಡ್ಡಿನಿಂದ. ಮನೆಗಳ ತಿಂಗಳ ವಂತಿಗೆ, ಜುಮಾ ದಿನದ ಡಬ್ಬಿ, ರಮಝಾನಿನ ಸಂಗ್ರಹ, ಗಲ್ಫ್ ಘಟಕದವರು ಕಳಿಸುವುದು. 2020ರ ರಮಝಾನ್ ಬರುವಾಗ ಮಸೀದಿಗಳಲ್ಲಿ ಜುಮಾ ಇಲ್ಲ, ತರಾವೀಹ್ ಇಲ್ಲ. ಪೆರ್ನಾಳ್ ನಮಾಝೂ ಮನೆಯಲ್ಲೇ. ವರ್ಷದ ಖರ್ಚಿಗೆ ದುಡ್ಡು ಕೂಡುವ ತಿಂಗಳು ಖಾಲಿ ಹೋಯಿತು. ಉಸ್ತಾದರಿಗೆ ಮನೆಮನೆಯಿಂದ ಸರದಿಯಂತೆ ಬರುವ ಊಟವೂ ನಿಂತಿತು, ಒಂದು ಮನೆಯವರು ಇನ್ನೊಂದು ಮನೆಗೆ ಹೋಗುವ ಹಾಗಿರಲಿಲ್ಲವಲ್ಲ. ಕೇರಳದ ಉಸ್ತಾದರುಗಳು ತಲಪಾಡಿ ಮುಚ್ಚಿದ ಕಾರಣ ಊರಿಗೆ ಹೋಗಲಾಗದೆ ಮಸೀದಿಯ ಕೋಣೆಯಲ್ಲೇ ಉಳಿದರು. ಊರಿಗೆ ಹೋಗಿದ್ದವರು ಮರಳಿ ಬರಲು ಆಗಲಿಲ್ಲ.

ಒಳ್ಳೆಯ ಜಮಾಅತುಗಳು ಇದ್ದವು. ಅಧ್ಯಕ್ಷರು ತಮ್ಮ ಕೈಯಿಂದ ಹಾಕಿ ಸಂಬಳ ಕೊಟ್ಟದ್ದು, ಮಸೀದಿ ತೋಟದ ತೆಂಗು ಅಡಿಕೆ ಮಾರಿ ಕೊಟ್ಟದ್ದು, ಮನೆಗೆ ಅಕ್ಕಿ ಸಾಮಾನಿನ ಕಿಟ್ ಮುಟ್ಟಿಸಿದ್ದು ನಮಗೆ ಗೊತ್ತು. ಅರ್ಧ ಸಂಬಳ ಕೊಟ್ಟವರನ್ನೂ ನಾವು ದೂರುವುದಿಲ್ಲ, ಅವರ ಕೈಯಲ್ಲೂ ಇರಲಿಲ್ಲ. ಆದರೆ ‘ಕ್ಲಾಸೇ ಇಲ್ಲ, ಸಂಬಳ ಎಂತಕ್ಕೆ?’ ಅಂತ ಕೇಳಿದ ಕಮಿಟಿಗಳೂ ಇದ್ದವು. ಇಶಾ ಆದ ಮೇಲೆ ಮೂವತ್ತು ಮಕ್ಕಳ ಓದು ಕೇಳುತ್ತಿದ್ದವರಿಗೆ ಆ ಪ್ರಶ್ನೆ. ಆಗ ಒಬ್ಬ ಮುಅಲ್ಲಿಮನ ಕೈಗೆ ಬರುತ್ತಿದ್ದದ್ದು ಎಂಟೋ ಹತ್ತೋ ಸಾವಿರ. ಅದೂ ನಿಂತಾಗ ಕೆಲವರು ತರಕಾರಿ ಗಾಡಿ ಹಾಕಿದರು, ಕೆಲವರು ಅಡಿಕೆ ಸುಲಿಯಲು ಹೋದರು, ಕೆಲವರು ಬಾಡಿಗೆ ರಿಕ್ಷಾ ಓಡಿಸಿದರು. ಹಲಾಲಾದ ದುಡಿಮೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಷ್ಟ ಆದದ್ದು ಬೇರೆ ಕಡೆ. ಅವರಲ್ಲಿ ಅನೇಕರು ಮತ್ತೆ ಮದ್ರಸಕ್ಕೆ ಬರಲೇ ಇಲ್ಲ. ವಿಮಾನ ಶುರುವಾದ ಮೇಲೆ ಗಲ್ಫಿಗೆ ಹೋದರು, ಅಂಗಡಿ ಇಟ್ಟರು. ಇಪ್ಪತ್ತು ವರ್ಷ ಒಂದನೇ ತರಗತಿಗೆ ಅಲಿಫ್ ಬಾ ಕಲಿಸಿ ಕೈ ಪಳಗಿದವರು ಹೋಗಿ, ಈಗ ಎಷ್ಟೋ ಕಡೆ ದರ್ಸಿನಲ್ಲಿ ಓದುತ್ತಿರುವ ಹುಡುಗರೇ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಾರೆ. ಅವರ ಮೇಲೆ ತಪ್ಪು ಇಲ್ಲ. ಆದರೆ ಪಾಯ ಅಲುಗುವ ಮಕ್ಕಳನ್ನು ತಿದ್ದಲು ಅನುಭವ ಬೇಕು, ಆ ಅನುಭವವನ್ನೇ ನಾವು ಕಳೆದುಕೊಂಡಿದ್ದೇವೆ.

ಎರಡನೇ ಅಲೆಯಲ್ಲಿ, 2021ರ ಜೂನ್‌ನಲ್ಲಿ, ರಾಜ್ಯ ಸರಕಾರ ಒಂದು ಪರಿಹಾರ ಘೋಷಿಸಿತು. ಅನುದಾನ ಇಲ್ಲದ ಖಾಸಗಿ ಶಾಲೆಯ ಶಿಕ್ಷಕರಿಗೆ 5,000 ರೂಪಾಯಿ. ನೋಂದಣಿಯಾದ ಮಸೀದಿಗಳ ಇಮಾಮರಿಗೂ ಮುಅದ್ದಿನ್‌ಗಳಿಗೂ 3,000. ಮದ್ರಸದಲ್ಲಿ ಪಾಠ ಮಾತ್ರ ಮಾಡುವ ಮುಅಲ್ಲಿಮ್ ಶಾಲೆಯ ಶಿಕ್ಷಕನೂ ಅಲ್ಲ, ಇಮಾಮನೂ ಅಲ್ಲ. ಅವನು ಎರಡು ಪಟ್ಟಿಯ ನಡುವಿನ ಸಂದಿಯಲ್ಲಿ ಬಿದ್ದ. ತಲಪಾಡಿ ದಾಟಿದರೆ ಕೇರಳದಲ್ಲಿ ಮದ್ರಸ ಅಧ್ಯಾಪಕರಿಗೆಂದೇ ಕ್ಷೇಮನಿಧಿ ಇದೆ, 2019ರಲ್ಲಿ ಅದಕ್ಕೆ ಕಾಯ್ದೆಯೇ ಆಗಿದೆ. ಮುಅಲ್ಲಿಮ್ ತಿಂಗಳಿಗೆ ಇಷ್ಟು ಕಟ್ಟುತ್ತಾನೆ, ಕಮಿಟಿಯವರು ಇಷ್ಟು ಕಟ್ಟುತ್ತಾರೆ, ವಯಸ್ಸಾದ ಮೇಲೆ ಪಿಂಚಣಿ ಇದೆ. ಅದೇ ಕಿತಾಬು, ಅದೇ ಪರೀಕ್ಷೆ, ಅದೇ ಪಾಠ. ಗಡಿಯ ಈಚೆಗೆ ಬಂದರೆ ಅದು ಇಲ್ಲ. ನಮ್ಮ ಕಡೆಯ ಸಂಘಟನೆಗಳು ಇದನ್ನು ಸರಕಾರದ ಎದುರು ಗಟ್ಟಿಯಾಗಿ ಕೇಳಬೇಕು. ಸರಕಾರ ಕೊಡುವವರೆಗೆ ಕೈ ಕಟ್ಟಿ ಕೂರುವುದೂ ಬೇಡ, ಅದರ ಬಗ್ಗೆ ಕೆಳಗೆ ಹೇಳುತ್ತೇವೆ.

ಶಾಲೆ ಬಿಟ್ಟ ಮಕ್ಕಳ ವಿಷಯ ಹೇಳಲು ಬೇಸರ ಆಗುತ್ತದೆ, ಆದರೂ ಹೇಳಬೇಕು. ಏಳನೇ, ಎಂಟನೇ ತರಗತಿಯಲ್ಲಿ ಇದ್ದ ಹುಡುಗರು ಮೊದಲು ‘ಶಾಲೆ ತೆರೆಯುವವರೆಗೆ ಮಾತ್ರ’ ಅಂತ ಮೊಬೈಲ್ ಅಂಗಡಿಗೆ, ದಕ್ಕೆಗೆ, ಬೆಂಗಳೂರಿನ ಜ್ಯೂಸ್ ಅಂಗಡಿಗೆ ಹೋದರು. ಶಾಲೆ ತೆರೆಯಿತು, ಅವರು ಬರಲಿಲ್ಲ. ಕೈಯಲ್ಲಿ ದುಡ್ಡು ಕಂಡ ಹುಡುಗ ಬೆಂಚಿಗೆ ಬರುವುದು ಸುಲಭ ಅಲ್ಲ. ಹೆಣ್ಮಕ್ಕಳದ್ದು ಬೇರೆ. ಐವತ್ತು ಜನರ ಮದುವೆ ಎಂಬ ನಿಯಮ ಬಂದಾಗ ನಾವೆಲ್ಲ ಖುಷಿ ಪಟ್ಟವರೇ. ಇಷ್ಟು ವರ್ಷ ಮಿಂಬರಿನಲ್ಲಿ ಹೇಳಿಯೂ ಆಗದ ಸರಳ ನಿಕಾಹ್ ಕೊರೊನಾದಿಂದ ಆಯಿತಲ್ಲ ಅಂತ. ಆದರೆ ಖರ್ಚು ಕಡಿಮೆ ಅಂತ ನೋಡಿ, ಹದಿನೆಂಟು ತುಂಬುವುದನ್ನೇ ಕಾದು, ಪಿಯುಸಿ ಮುಗಿಸದ ಹುಡುಗಿಯನ್ನೂ ಮದುವೆ ಮಾಡಿ ಕೊಟ್ಟ ಮನೆಗಳಿವೆ. ‘ಹೇಗೂ ಕಾಲೇಜ್ ಇಲ್ಲವಲ್ಲ’ ಎಂಬುದು ಆಗಿನ ಸಮಾಧಾನ. ಆ ಹುಡುಗಿಯರು ಈಗ ಉಮ್ಮಂದಿರು, ಮಕ್ಕಳನ್ನು ಮದ್ರಸಕ್ಕೆ ಕರೆತಂದು ಬಿಡುವಾಗ ನಮಗೆ ಸಿಗುತ್ತಾರೆ. ಓದು ಮುಂದುವರಿಸುವ ಆಸೆ ಅವರಲ್ಲಿ ಸತ್ತಿಲ್ಲ. ಕಾಲೇಜಿಗೆ ಮರಳಿ ಬಂದ ಹೆಣ್ಮಕ್ಕಳಿಗೆ 2022ರ ಫೆಬ್ರವರಿಯಲ್ಲಿ ಇನ್ನೊಂದು ಗೇಟು ಎದುರಾದದ್ದು ಬೇರೆ ಅಧ್ಯಾಯ, ಅದನ್ನು ಇಲ್ಲಿ ಬಿಡಿಸುವುದಿಲ್ಲ.

ಸರಕಾರ 2022ರಲ್ಲಿ ‘ಕಲಿಕಾ ಚೇತರಿಕೆ’ ಅಂತ ಒಂದು ವರ್ಷದ ಕಾರ್ಯಕ್ರಮ ತಂದಿತು. ಹಾಳೆಗಳು ಬಂದವು, ಹಳೆಯ ತರಗತಿಯ ಪಾಠವನ್ನು ಸೇರಿಸಿ ಕಲಿಸಿದರು. ಶಿಕ್ಷಕರು ಮಾಡಿದ್ದು ಸಣ್ಣ ಕೆಲಸ ಅಲ್ಲ. ಆದರೆ ಹತ್ತೊಂಬತ್ತು ತಿಂಗಳ ಹೊಂಡ ಒಂದು ವರ್ಷದ ಹಾಳೆಯಿಂದ ತುಂಬುವುದಿಲ್ಲ ಎಂಬುದು ಕಲಿಸುವವರಿಗೆಲ್ಲ ಗೊತ್ತಿತ್ತು. ಅದೇ ವರ್ಷ ಹಳ್ಳಿಗಳಲ್ಲಿ ನಡೆದ ‘ಅಸರ್’ ಸಮೀಕ್ಷೆಯಲ್ಲೂ, 2018ಕ್ಕೆ ಹೋಲಿಸಿದರೆ ನಮ್ಮ ರಾಜ್ಯದ ಸಣ್ಣ ತರಗತಿಯ ಮಕ್ಕಳ ಓದು ಕೆಳಗೆ ಇಳಿದದ್ದು ಕಂಡಿತ್ತು. ಅಲ್ಲಿಗೆ ಎಲ್ಲರೂ ಸುಮ್ಮನಾದರು. ಮಕ್ಕಳು ಮಾತ್ರ ವರ್ಷಕ್ಕೊಂದು ತರಗತಿ ಮೇಲೆ ಹೋಗುತ್ತಾ ಇದ್ದಾರೆ.

ಮೇಲೆ ಹೋಗುವುದು ಹೇಗೆಂದರೆ, ಆರನೇ ತರಗತಿಯ ಹುಡುಗ ಕನ್ನಡ ಪಾಠ ಓದುತ್ತಾನೆ. ಸರಾಗವಾಗಿ ಓದಿದ ಹಾಗೆಯೇ ಕೇಳುತ್ತದೆ. ಒತ್ತಕ್ಷರ ಬಂದಲ್ಲಿ ನುಂಗುತ್ತಾನೆ. ಪುಸ್ತಕದ ಬೇರೆ ಪುಟ ತೆರೆದು ಕೊಟ್ಟರೆ ನಿಲ್ಲುತ್ತಾನೆ. ಅಂದರೆ ಮೊದಲ ಪಾಠ ಅವನಿಗೆ ಬಾಯಿಪಾಠ, ಓದು ಅಲ್ಲ. ಕುರ್‌ಆನಿನಲ್ಲೂ ಇದೇ. ಯಾಸೀನ್ ಚಂದವಾಗಿ ಓದುವ ಮಗುವಿಗೆ ಓದಿರದ ಸೂರಾದ ನಡುವಿನ ಒಂದು ಆಯತ್ ತೋರಿಸಿದರೆ ಹರಕತ್ ಹುಡುಕುತ್ತಾ ಕೂರುತ್ತದೆ. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಓದುವಾಗ ಇದು ಗೊತ್ತೇ ಆಗುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು.

ಹಾಗಾಗಿ ನಮ್ಮ ಜಮಾಅತುಗಳಲ್ಲಿ ನಾವು ಕೇಳುವುದು ದೊಡ್ಡ ಯೋಜನೆ ಏನಲ್ಲ. ನಾಲ್ಕರಿಂದ ಏಳನೇ ತರಗತಿವರೆಗಿನ ಪ್ರತಿ ಮಗುವನ್ನು ಒಮ್ಮೆ ಐದು ನಿಮಿಷ ಒಂಟಿಯಾಗಿ ಕೂರಿಸಿ ಕೇಳಿ. ಓದಿರದ ಕುರ್‌ಆನ್ ಪುಟದಿಂದ ಮೂರು ಸಾಲು, ಮೂರನೇ ತರಗತಿಯ ಕನ್ನಡ ಪುಸ್ತಕದಿಂದ ಮೂರು ಸಾಲು. ನಗಬೇಡಿ, ಮದ್ರಸದಲ್ಲಿ ಕನ್ನಡ ಯಾಕೆ ಅಂತ ಕೇಳಬೇಡಿ. ಕನ್ನಡ ಓದಲು ಬಾರದ ಮಗು ನಾಳೆ ಎಸ್ಸೆಸ್ಸೆಲ್ಸಿಯಲ್ಲಿ ಬಿದ್ದರೆ ಬೀಳುವುದು ನಮ್ಮ ಮೊಹಲ್ಲಾದ ಮಗುವೇ. ಕೇಳಿ ಆದ ಮೇಲೆ ಮಕ್ಕಳನ್ನು ತರಗತಿ ನೋಡದೆ ಓದಿನ ಮಟ್ಟ ನೋಡಿ ಗುಂಪು ಮಾಡಿ. ಆರನೆಯವನು ಅಕ್ಷರ ಕೂಡಿಸುವ ಗುಂಪಿಗೆ ಬಂದರೆ ಅವನಿಗೆ ಅವಮಾನ ಆಗದ ಹಾಗೆ, ಮೂರನೆಯವರ ಜೊತೆ ಕೂರಿಸದೆ ಅವನ ಪ್ರಾಯದವರನ್ನೇ ಒಟ್ಟಿಗೆ ಕೂರಿಸಿ. ಭಾನುವಾರ ಒಂದು ಗಂಟೆ, ಮಗ್ರಿಬ್ ಮತ್ತು ಇಶಾ ನಡುವೆ ವಾರದಲ್ಲಿ ಮೂರು ದಿನ. ಆರು ತಿಂಗಳು ಬಿಡದೆ ನಡೆದರೆ ವ್ಯತ್ಯಾಸ ಕಿವಿಗೇ ಕೇಳುತ್ತದೆ. ಊರಿನಲ್ಲಿ ಡಿ.ಎಡ್., ಬಿ.ಎಡ್. ಮಾಡಿ ಮನೆಯಲ್ಲಿರುವ ಹೆಣ್ಮಕ್ಕಳು ಬೇಕಾದಷ್ಟು ಇದ್ದಾರೆ. ಅವರನ್ನು ಕರೆಯಿರಿ, ಬಿಟ್ಟಿ ಅಲ್ಲ, ಸಂಬಳ ಕೊಟ್ಟು ಕರೆಯಿರಿ.

ಶಾಲೆ ಬಿಟ್ಟ ಹುಡುಗರ ಪಟ್ಟಿ ಪ್ರತಿ ಜಮಾಅತಿನಲ್ಲಿ ಒಂದು ಹಾಳೆಯಷ್ಟು ಆದೀತು. ಯುವಕರ ಸಂಘಟನೆಗಳಿಗೆ ಅದು ಒಂದು ಸಂಜೆಯ ಕೆಲಸ. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಲು ದಾರಿ ಇದೆ, ರಾಷ್ಟ್ರೀಯ ಮುಕ್ತ ಶಾಲೆಯ ದಾರಿಯೂ ಇದೆ. ಈ ಎರಡು ದಾರಿ ಇರುವುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಅರ್ಜಿ ತುಂಬಿಸಿ, ಫೀಸು ಕಟ್ಟಿ, ಗಣಿತಕ್ಕೂ ಇಂಗ್ಲಿಷಿಗೂ ಒಬ್ಬ ಮೇಷ್ಟ್ರನ್ನು ಹುಡುಕಿ ಕೊಟ್ಟರೆ ಸಾಕು. ಮದುವೆಯಾಗಿ ಮಕ್ಕಳಿರುವ ಹುಡುಗಿಯರಿಗೂ ಈ ದಾರಿ ಮುಚ್ಚಿಲ್ಲ.

ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ಊರುಗಳಲ್ಲಿ ಶೇ. 95, ಶೇ. 98 ತೆಗೆದ ಮಕ್ಕಳ ಫ್ಲೆಕ್ಸ್ ಏಳುತ್ತದೆ. ಸಂತೋಷ, ಮಾಶಾ ಅಲ್ಲಾಹ್. ಒಂದು ಕಾಲದಲ್ಲಿ ನಮ್ಮ ಸಮುದಾಯದಲ್ಲಿ ಪಾಸಾಗುವುದೇ ಸುದ್ದಿ ಆಗಿತ್ತು, ಇವತ್ತು ರ‍್ಯಾಂಕ್ ಬರುತ್ತಿದೆ. ಆದರೆ ಫ್ಲೆಕ್ಸಿನಲ್ಲಿ ಇರುವುದು ಐದೋ ಆರೋ ಮುಖ. 2020ರಲ್ಲಿ ಐದನೇ ತರಗತಿಯಲ್ಲಿದ್ದವರ ಎಸ್ಸೆಸ್ಸೆಲ್ಸಿಯ ವರ್ಷ 2026. ಅದರ ಹಿಂದಿನಿಂದ ನಾಲ್ಕನೆಯವರು, ಮೂರನೆಯವರು, ಕೊನೆಗೆ ಒಂದನೇ ತರಗತಿಯನ್ನೇ ಕಾಣದವರು ಬರುತ್ತಾರೆ. ಅವರ ಸರದಿ 2030ಕ್ಕೆ. ಇನ್ನೂ ಸಮಯ ಇದೆ ಅಂತ ಇದರ ಅರ್ಥ, ಆದರೆ ಬಹಳ ಇಲ್ಲ.

ಇನ್ನು ಮೇಲೆ ಹೇಳಿದ ದುಡ್ಡಿನ ಮಾತು. ಜಮಾಅತಿನ ವಾರ್ಷಿಕ ಆದಾಯದಲ್ಲಿ ಒಂದು ಪಾಲು, ಎಷ್ಟು ಎಂಬುದನ್ನು ಆಯಾ ಊರಿನವರೇ ಯೋಚಿಸಲಿ, ಮುಅಲ್ಲಿಮರ ಆಪತ್ಕಾಲದ ಸಂಬಳಕ್ಕೆಂದು ಬೇರೆ ಖಾತೆಯಲ್ಲಿ ಇಡಬೇಕು. ಆರು ತಿಂಗಳ ಸಂಬಳದಷ್ಟು ಅದರಲ್ಲಿ ಯಾವಾಗಲೂ ಇರಬೇಕು. ಮಿನಾರದ ಲೈಟಿಂಗ್‌ಗೆ, ಶಾಮಿಯಾನಕ್ಕೆ, ಸ್ಪೀಕರಿಗೆ ಅದನ್ನು ಮುಟ್ಟುವ ಹಾಗಿಲ್ಲ ಅಂತ ಮಹಾಸಭೆಯಲ್ಲೇ ಬರೆಸಿ ಇಡಬೇಕು. ಇನ್ನೊಂದು ರೋಗ ಬರಲಿ ಅಂತ ಯಾರೂ ಬಯಸುವುದಿಲ್ಲ, ಅಲ್ಲಾಹು ಕಾಪಾಡಲಿ. ಆದರೆ ನೆರೆ ಬಂದರೆ, ಕರ್ಫ್ಯೂ ಬಂದರೆ, ನಮ್ಮ ಜಿಲ್ಲೆಯಲ್ಲಿ ಅದು ಅಪರೂಪ ಏನಲ್ಲ, ಮದ್ರಸ ಮುಚ್ಚಿದಾಗ ಕಲಿಸುವವನ ಒಲೆಯೂ ಆರಬಾರದು.

ಈ ಸಲದ ಮಹಾಸಭೆಗೆ ಲೆಕ್ಕಪತ್ರ ತೆಗೆಯುವಾಗ ಕಾರ್ಯದರ್ಶಿಗಳು 2020 ಮತ್ತು 21ರ ಪುಸ್ತಕವನ್ನೂ ಒಮ್ಮೆ ತೆರೆದು ನೋಡಲಿ. ಆಗ ‘ಮತ್ತೆ ಕೊಡುವಾ’ ಅಂತ ಹೇಳಿ ನಿಲ್ಲಿಸಿದ ಸಂಬಳದ ಬಾಕಿ ಎಷ್ಟೋ ಕಡೆ ಹಾಗೆಯೇ ಇದೆ. ಪಡೆಯಬೇಕಾದವರು ಈಗ ಆ ಊರಿನಲ್ಲಿ ಇಲ್ಲದಿರಬಹುದು. ಅವರ ಫೋನ್ ನಂಬರ್ ಆಗಿನ ಮದ್ರಸದ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂ ಇರುತ್ತದೆ.